ಮಾಳಿಗೆ ಇಳಿಸಿದ ಮೇಲೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ಹಳೆಯ ಮಾಳಿಗೆ ಮನೆ ಇಳಿಸಿ ಸ್ಲ್ಯಾಬ್ ಹಾಕಿಸುವವರು ಸಿಮೆಂಟು, ಕಬ್ಬಿಣ, ಉಸುಕು, ಗೌಂಡಿಯ ಕೂಲಿ ಎಲ್ಲಕ್ಕೂ ಲೆಕ್ಕ ಬರೆಯುತ್ತಾರೆ. ಆ ಮನೆಯ ಜೊತೆಗೆ ಬೇಸಿಗೆಯಲ್ಲಿ ತಂಪನ್ನೂ ಚಳಿಗಾಲದಲ್ಲಿ ಬಿಸುಪನ್ನೂ ಕೊಡುತ್ತಿದ್ದ ಏರ್ಪಾಡೊಂದು ಹೋಯಿತೆಂಬುದು ಆ ಲೆಕ್ಕದಲ್ಲಿ ಇರುವುದಿಲ್ಲ.

ಕಲ್ಲು-ಮಣ್ಣಿನ ದಪ್ಪ ಗೋಡೆ. ಮೇಲೆ ತೊಲೆ, ಜಂತೆ, ಕಟ್ಟಿಗೆ. ಅದರ ಮೇಲೆ ಗೇಣು ದಪ್ಪದ ಮಣ್ಣು. ಬಿಸಿಲಿನ ಕಾವು ಅಷ್ಟು ಮಣ್ಣನ್ನು ದಾಟಿ ಒಳಗಿಳಿಯುವ ಹೊತ್ತಿಗೆ ಹೊರಗೆ ಹೊತ್ತು ಮುಳುಗಿರುತ್ತಿತ್ತು. ಒಳಗಿನ ಬಿಸಿಗಾಳಿ ಬೆಳಕಿಂಡಿಯಿಂದ ಹೊರಬೀಳುತ್ತಿತ್ತು. ನಾಲ್ಕೈದು ಇಂಚಿನ ಕಾಂಕ್ರೀಟು ಹಾಗಲ್ಲ. 40 ಡಿಗ್ರಿ ದಾಟುವ ಏಪ್ರಿಲ್-ಮೇ ಬಿಸಿಲನ್ನು ಹಗಲೆಲ್ಲ ಹೀರಿ, ಸಂಜೆಯಿಂದ ನಡುರಾತ್ರಿಯವರೆಗೂ ಕೆಳಗೆ ಮಲಗಿದವರ ಮೇಲೆ ಬಿಡುತ್ತದೆ. "ಸ್ಲ್ಯಾಬಿನ ಮನ್ಯಾಗ ನಿದ್ದಿ ಹತ್ತೂದಿಲ್ರಿ" ಎನ್ನುವ ಹಿರಿಯರು ಉತ್ಪ್ರೇಕ್ಷೆ ಮಾಡುತ್ತಿಲ್ಲ.

ಹಾಗೆಂದು ಹಳೆಯ ಮನೆಗೇ ಮರಳಿ ಎಂದು ನಾನು ಹೇಳಲಾರೆ. ಅದಕ್ಕೂ ಬೆಲೆಯಿತ್ತು. ಮಳೆಗಾಲ ಬರುವ ಮುಂಚೆ ಮಾಳಿಗೆಗೆ ಹೊಸ ಮಣ್ಣು ಬೀಳಬೇಕು. ಆ ಮಣ್ಣಿನ ಪುಟ್ಟಿ ಹೆಚ್ಚಾಗಿ ಹೆಂಗಸರ ತಲೆಯ ಮೇಲೆಯೇ ಏರುತ್ತಿತ್ತು. ಒಂದು ವರ್ಷ ತಪ್ಪಿದರೆ ಸೋರಿಕೆ. ಅದಕ್ಕಿಂತ ದೊಡ್ಡದು ಜೀವಭಯ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಭೂಮಿ ನಡುಗಿದಾಗ ಸಾವಿರಾರು ಜನರನ್ನು ಬಲಿ ತೆಗೆದುಕೊಂಡದ್ದು ಇಂಥವೇ ಕಲ್ಲಿನ ಗೋಡೆಗಳು, ಇಂಥದೇ ಮಣ್ಣಿನ ಭಾರ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿದಾಗ ಇಂಡಿ, ಸಿಂದಗಿ ತಾಲ್ಲೂಕುಗಳ ನದಿ ದಂಡೆಯ ಜನ ಗೋಡೆ ಕುಸಿಯುವುದನ್ನು ಕಂಡರು. ಸ್ಲ್ಯಾಬ್ ಬಯಸಿದವರದು ಆಡಂಬರವಲ್ಲ, ಮಕ್ಕಳು ಸುರಕ್ಷಿತವಾಗಿ ಮಲಗಲಿ ಎಂಬ ಆಸೆ.

ಆದರೆ ಆ ಸುರಕ್ಷೆಯ ಬೆನ್ನಿಗೆ ಖರ್ಚಿನ ಸಾಲು ಶುರುವಾಗುತ್ತದೆ. ಮೊದಲು ಫ್ಯಾನು, ಆಮೇಲೆ ಕೂಲರ್. ನಮ್ಮ ಒಣ ಬೇಸಿಗೆಗೆ ಕೂಲರ್ ಚೆನ್ನಾಗಿಯೇ ಒಗ್ಗುತ್ತದೆ. ಆದರೆ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಿನಲ್ಲಿ ಅದರ ತೊಟ್ಟಿಗೆ ದಿನವೂ ಕೊಡಗಟ್ಟಲೆ ನೀರು ಎಲ್ಲಿಂದ ತರುವುದು? ಮಿರಗದ ಮಳೆ ಬಿದ್ದು ಗಾಳಿ ತೇವವಾದರೆ ಅದರ ತಂಪೂ ಮುಗಿಯಿತು. ಇನ್ನು ಎಸಿ. ಗಂಟೆಗೆ ಒಂದು ಯುನಿಟ್ ಎಂದು ಹಿಡಿದರೂ, ರಾತ್ರಿ 8 ಗಂಟೆ ಓಡಿದರೆ ತಿಂಗಳಿಗೆ 240 ಯುನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಗರಿಷ್ಠ ಮಿತಿ 200 ಯುನಿಟ್. ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು. ಬಾಗೇವಾಡಿ ಸೀಮೆಯ ಕೂಡಗಿಯಲ್ಲೇ 2,400 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರವಿದೆ. ನಮ್ಮ ಸ್ಲ್ಯಾಬ್ ಬಿಸಿಯಾದಷ್ಟೂ ಅಲ್ಲಿ ಕಲ್ಲಿದ್ದಲು ಹೆಚ್ಚು ಉರಿಯಬೇಕು, ಅದರ ಹೊಗೆ-ಬೂದಿಗಳ ಪಾಲು ಸುತ್ತಲಿನ ಹೊಲಗಳಿಗೇ.

ಯಂತ್ರ ಕೊಳ್ಳುವ ಮೊದಲು ಸ್ಲ್ಯಾಬನ್ನೇ ಬಿಸಿಲಿನಿಂದ ಕಾಯಬೇಕು ಎಂಬುದು ನನ್ನ ಖಚಿತ ನಿಲುವು. ಅದರ ಮೇಲೆ ದಟ್ಟವಾಗಿ ಬಿಳಿ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಕ್ಕೆ ಹೋಗುತ್ತದೆ, ಕೋಣೆಯ ಕಾವು ಕೆಲವು ಡಿಗ್ರಿ ಇಳಿಯುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗೆಂದೇ ನೀತಿಯೊಂದನ್ನು ತಂದಿತು. ನಮ್ಮಲ್ಲೂ ಬಸವ ವಸತಿಯಂಥ ಯೋಜನೆಗಳು ಕಟ್ಟಿಸುವ ಮನೆಗಳ ಅಂದಾಜಿನಲ್ಲಿ ಈ ಬಿಳಿ ಲೇಪನ, ಪಡುವಣ ಗೋಡೆಗೆ ನೆರಳು, ಬಿಸಿಗಾಳಿ ಹೋಗಲು ಮೇಲ್ಕಿಂಡಿ ಸೇರಲಿ. ಈ ವರ್ಷ ಸ್ಲ್ಯಾಬ್ ಹಾಕಿಸುವವರು ಗೌಂಡಿಯೊಂದಿಗೆ ಮಾತು ಮುಗಿಸುವ ಮುನ್ನ ಸುಣ್ಣಕ್ಕೂ ಬೆಳಕಿಂಡಿಗೂ ಒಂದಿಷ್ಟು ಹಣ ತೆಗೆದಿಡಿ.