ಹೊಸಬರ ಪ್ರಶ್ನೆ, ಹಳಬರ ಹೊಣೆ

ಮನೆಗೆ ಬಂದವರು ಅಪರಿಚಿತರಾದರೂ ಮೊದಲು ಬೆಲ್ಲ, ನೀರು ಕೊಟ್ಟು ಆಮೇಲೆ ಬಂದ ಕಾರಣ ಕೇಳುವುದು ನಮ್ಮ ಹಳ್ಳಿಗಳ ರೂಢಿ. ಆದರೆ ಒಂದೇ ವೃತ್ತಿಯವರು ಸೇರುವ ಅಂತರ್ಜಾಲದ ಚರ್ಚಾಕೂಟಗಳಲ್ಲಿ ಹೊಸಬನೊಬ್ಬ ಸಂಶಯ ಕೇಳಿದಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ? "ಇಷ್ಟೂ ಗೊತ್ತಿಲ್ಲವೇ? ಮೊದಲು ಹುಡುಕಿ ನೋಡಿ" ಎಂದು ಒಂದೇ ಸಾಲಿನಲ್ಲಿ ಅಟ್ಟಿಬಿಡುವುದೇ ಹೆಚ್ಚು.

ಹಳಬರ ಸಿಡುಕಿಗೂ ಕಾರಣವಿದೆ. ಅವರು ಸಂಬಳಕ್ಕಾಗಿ ಉತ್ತರಿಸುವವರಲ್ಲ, ಬಿಡುವಿನ ವೇಳೆಯನ್ನು ಕೊಡುವವರು. ಒಂದೇ ಪ್ರಶ್ನೆ ನೂರನೆಯ ಸಲ ಬಂದಾಗ ಯಾರಿಗಾದರೂ ಬೇಸರವಾದೀತು. ಈ ಸಮಸ್ಯೆ ಹೊಸತೂ ಅಲ್ಲ. 1980ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಯೂಸ್‌ನೆಟ್ ಎಂಬ ಚರ್ಚಾಜಾಲಕ್ಕೆ ಪ್ರತಿ ಸೆಪ್ಟೆಂಬರ್‌ನಲ್ಲಿ ಹೊಸ ವಿದ್ಯಾರ್ಥಿಗಳ ದಂಡು ಬರುತ್ತಿತ್ತು. ಹಳಬರು ಗೊಣಗುತ್ತಲೇ ಅವರಿಗೆ ರೀತಿ ರಿವಾಜು ಕಲಿಸುತ್ತಿದ್ದರು. ಕೆಲವು ವಾರಗಳಲ್ಲಿ ಎಲ್ಲವೂ ಸರಿಹೋಗುತ್ತಿತ್ತು. 1993ರಿಂದೀಚೆಗೆ ಖಾಸಗಿ ಕಂಪೆನಿಗಳು ತಮ್ಮ ಗ್ರಾಹಕರಿಗೂ ಈ ಜಾಲದ ಬಾಗಿಲು ತೆರೆದ ಮೇಲೆ ಹೊಸಬರ ಹರಿವು ನಿಲ್ಲಲೇ ಇಲ್ಲ. ಬೇಸತ್ತವರು ಅದಕ್ಕೆ 'ಮುಗಿಯದ ಸೆಪ್ಟೆಂಬರ್' ಎಂದು ಹೆಸರಿಟ್ಟರು.

1995ರಲ್ಲಿ ಅಂತರ್ಜಾಲ ಶಿಷ್ಟಾಚಾರದ ಮಾರ್ಗಸೂಚಿಯೊಂದು ಪ್ರಕಟವಾಯಿತು. ಕೂಟವೊಂದನ್ನು ಸೇರಿದವರು ಒಂದೆರಡು ತಿಂಗಳು ಸುಮ್ಮನೆ ಓದಿ, ಬಳಿಕ ಬರೆಯಬೇಕು ಎಂಬುದು ಅದರ ಸಲಹೆಗಳಲ್ಲೊಂದು. ಒಳ್ಳೆಯ ಸಲಹೆಯೇ. ಆದರೆ ಕಳುಹಿಸುವಾಗ ಸಂಯಮವಿರಲಿ, ಸ್ವೀಕರಿಸುವಾಗ ಔದಾರ್ಯವಿರಲಿ, ಕೆಣಕಿದರೂ ಕಟುವಾಗಿ ಬರೆಯಬೇಡಿ ಎಂಬ ಮಾತೂ ಅದರಲ್ಲಿದೆ. ಹೊಸಬರಿಗೆ ಹೇಳಿದ್ದನ್ನು ನಾವು ಕಟ್ಟುನಿಟ್ಟಾಗಿ ನೆನಪಿಟ್ಟುಕೊಂಡೆವು. ನಮಗೆ ಹೇಳಿದ್ದನ್ನು ಮರೆತೆವು.

ಗ್ಯಾರೇಜಿನ ಮೇಸ್ತ್ರಿ ಹುಡುಗನಿಗೆ ಬೈದದ್ದು ಸಂಜೆಯ ಚಹಾದ ಹೊತ್ತಿಗೆ ಕರಗುತ್ತದೆ. ಮರುದಿನ ಆತನೇ ಕೈಹಿಡಿದು ಕೆಲಸ ಕಲಿಸುತ್ತಾನೆ. ಅಂತರ್ಜಾಲದಲ್ಲಿ ಬೈಗುಳ ಬರಹವಾಗಿ ಉಳಿಯುತ್ತದೆ. ವರ್ಷಗಳ ಬಳಿಕವೂ ಯಾರು ಬೇಕಾದರೂ ಅದನ್ನು ಓದಬಹುದು. ಅವಮಾನವಾದದ್ದು ಒಬ್ಬನಿಗಾದರೂ ಅದನ್ನು ನೋಡಿ ಬಾಯಿ ಮುಚ್ಚಿಕೊಂಡು ಹಿಂದೆ ಸರಿದವರು ಎಷ್ಟೋ ಮಂದಿ. ಅವರ ಲೆಕ್ಕ ಯಾರಲ್ಲೂ ಇಲ್ಲ.

ಇದರ ಅರಿವು ದೊಡ್ಡವರಿಗೂ ತಡವಾಗಿಯೇ ಆಯಿತು. 2008ರಲ್ಲಿ ಆರಂಭವಾದ ಸ್ಟ್ಯಾಕ್ ಓವರ್‌ಫ್ಲೋ ಪ್ರೋಗ್ರಾಮರ್‌ಗಳ ಬಹುದೊಡ್ಡ ಪ್ರಶ್ನೋತ್ತರ ತಾಣ. ತಮ್ಮಲ್ಲಿ ಹೊಸಬರಿಗೆ, ವಿಶೇಷವಾಗಿ ಮಹಿಳೆಯರಿಗೆ ಹಾಗೂ ಬಿಳಿಯರಲ್ಲದವರಿಗೆ ಆತ್ಮೀಯ ವಾತಾವರಣವಿಲ್ಲ ಎಂದು ಅದು 2018ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು. ಬಳಿಕ ಹೊಸಬರ ಹೆಸರಿನ ಬಳಿ ಗುರುತು ಹಾಕಿ, ಮೃದುವಾಗಿ ವರ್ತಿಸುವಂತೆ ಹಳಬರಿಗೆ ನೆನಪಿಸತೊಡಗಿತು. ಕಟುಮಾತಿಗೆ ಹೆಸರಾಗಿದ್ದ ಲಿನಕ್ಸ್ ಜನಕ ಲೀನಸ್ ಟೋರ್ವಾಲ್ಡ್ಸ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಹೋದ್ಯೋಗಿಗಳ ಕ್ಷಮೆ ಕೇಳಿ, ಕೆಲಕಾಲ ಕೆಲಸದಿಂದ ದೂರ ಸರಿದರು. ತಪ್ಪೊಪ್ಪಿಕೊಂಡದ್ದರಿಂದ ಅವರ ವಿದ್ವತ್ತೇನೂ ಕಡಿಮೆಯಾಗಲಿಲ್ಲ.

ಈಗ ಇನ್ನೊಂದು ತಿರುವು ಬಂದಿದೆ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಪ್ರಶ್ನೆ ಕೇಳುವವರು ಬಹಳ ಕಡಿಮೆಯಾದರು. ಯಂತ್ರ ತಕ್ಷಣ ಉತ್ತರಿಸುತ್ತದೆ, ಜೊತೆಗೆ ಬೈಯುವುದಿಲ್ಲ. ಆದರೆ ಅದು ತಪ್ಪು ಹೇಳಿದರೆ "ಅದು ಹಾಗಲ್ಲ" ಎನ್ನಲು ಪಕ್ಕದಲ್ಲಿ ಇನ್ನೊಬ್ಬ ಅನುಭವಿ ಇರುವುದಿಲ್ಲ. ಅಲ್ಲಿ ಸಿಕ್ಕ ಉತ್ತರ ಮುಂದಿನವನ ಕಣ್ಣಿಗೂ ಬೀಳುವುದಿಲ್ಲ.

ಹಾಗೆಂದು ಎಲ್ಲ ಪ್ರಶ್ನೆಗಳಿಗೂ ತಲೆಬಾಗಬೇಕೆಂದು ನಾವು ಹೇಳುತ್ತಿಲ್ಲ. ಸ್ವಲ್ಪವೂ ಪ್ರಯತ್ನಿಸದೆ ಕೇಳುವುದು ಇತರರ ಸಮಯವನ್ನು ಕದಿಯುವುದೇ ಸರಿ. ಅದನ್ನು ತಿದ್ದಲೇಬೇಕು. ಆದರೆ ತಿದ್ದುವುದಕ್ಕೂ ಹೀಯಾಳಿಸುವುದಕ್ಕೂ ವ್ಯತ್ಯಾಸವಿದೆ. ನಮ್ಮ ಉತ್ತರ ಓದಿದವನು ನಾಳೆ ಇನ್ನಷ್ಟು ಚೆನ್ನಾಗಿ ಪ್ರಶ್ನೆ ಕೇಳಬಲ್ಲನೇ, ಅಥವಾ ಕೇಳುವುದನ್ನೇ ಬಿಟ್ಟುಬಿಡುವನೇ ಎಂದು ಬರೆಯುವ ಮುನ್ನ ಯೋಚಿಸಿದರೆ ಸಾಕು. ಉತ್ತರಿಸುವಷ್ಟು ತಾಳ್ಮೆ ಇಲ್ಲದ ದಿನ ಸುಮ್ಮನಿರುವ ಸ್ವಾತಂತ್ರ್ಯವಂತೂ ಎಲ್ಲರಿಗೂ ಇದೆ. ನಾವೂ ಒಂದು ದಿನ ಇದೇ ಹೊಸ್ತಿಲಲ್ಲಿ ಹಿಂಜರಿಯುತ್ತಾ ನಿಂತಿದ್ದೆವು. ಅಂದು ಯಾರೋ ಒಬ್ಬರು ನಮ್ಮ ಪೆದ್ದು ಪ್ರಶ್ನೆಗೂ ಉತ್ತರಿಸಿದ್ದರು. ಆ ಋಣವನ್ನು ಅವರಿಗೆ ತೀರಿಸಲಾಗದು, ಮುಂದಿನ ಹೊಸಬನಿಗೆ ತೀರಿಸಬಹುದು.