ನಾಲ್ಕನೆಯ ವಿಮಾನ



ಕ್ರಿಸ್ತ ಜಯಂತಿ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಬಡವರಿಗೆಂದು ಅಕ್ಕಿ, ಬಟ್ಟೆ, ಹಣ ಒಟ್ಟುಗೂಡಿಸುತ್ತೇವೆ. ಕೊಟ್ಟು ಕೈತೊಳೆದುಕೊಂಡ ಮೇಲೆ ಅದು ಯಾರ ಮನೆ ಸೇರಿತೆಂದು ವಿಚಾರಿಸುವವರು ವಿರಳ. ನಾನೂ ಅದೇ ಪಂಗಡದವನು. ಹಾಗೆ ವಿಚಾರಿಸಲು ಹೊರಟ ಒಬ್ಬ ಆಟಗಾರರನ್ನು ಇಂದು ನೆನೆಯೋಣ.

ರಾಬರ್ಟೊ ಕ್ಲೆಮೆಂಟೆ ಹುಟ್ಟಿದ್ದು 1934ರಲ್ಲಿ, ಪೋರ್ಟೊ ರಿಕೊ ದ್ವೀಪದ ಕರೋಲಿನಾ ಎಂಬ ಊರಿನಲ್ಲಿ. ತಂದೆ ಕಬ್ಬಿನ ಗದ್ದೆಯ ಮೇಸ್ತ್ರಿ. ತುಂಬಿದ ಸಂಸಾರದಲ್ಲಿ ಇವರು ಕಡೆಯ ಮಗ. 1955ರಿಂದ 1972ರವರೆಗೆ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೆ ಬೇಸ್‌ಬಾಲ್ ಆಡಿದರು. ಕ್ರಿಕೆಟ್ಟಿನಲ್ಲಿ ಬೌಂಡರಿ ಕಾಯುವವರ ಹಾಗೆ ಮೈದಾನದ ಬಲತುದಿ ಕಾಯುವುದು ಅವರ ಕೆಲಸ. ಅಲ್ಲಿಂದ ಅವರು ಎಸೆಯುವ ಚೆಂಡಿಗೆ ಹೆದರಿ ಎದುರಾಳಿಗಳು ಓಡಲು ಹಿಂಜರಿಯುತ್ತಿದ್ದರು. ಉತ್ತಮ ಫೀಲ್ಡಿಂಗಿಗೆ ಕೊಡುವ ಗೋಲ್ಡ್ ಗ್ಲೌವ್ 12 ಬಾರಿ ಅವರದಾಯಿತು. ಆದರೂ ಕಪ್ಪು ಮೈಬಣ್ಣದ, ಸ್ಪ್ಯಾನಿಷ್ ಮಾತೃಭಾಷೆಯ ಈ ಮನುಷ್ಯನ ಹರಕು ಇಂಗ್ಲಿಷನ್ನು ಪತ್ರಿಕೆಯವರು ಇದ್ದಂತೆಯೇ ಅಚ್ಚುಹಾಕಿ ನಗುತ್ತಿದ್ದರು.

1971ರಲ್ಲಿ ಅವರ ತಂಡ ವರ್ಲ್ಡ್ ಸೀರೀಸ್ ಗೆದ್ದಿತು. ಟಿ.ವಿ.ಯವರು ಮೈಕು ಹಿಡಿದಾಗ ಕ್ಲೆಮೆಂಟೆ ಮೊದಲು ಸ್ಪ್ಯಾನಿಷಿನಲ್ಲೇ ಮಾತನಾಡಿ ತಮ್ಮ ಮಕ್ಕಳನ್ನು ಆಶೀರ್ವದಿಸಿದರು. ತಂದೆತಾಯಿಯರ ಆಶೀರ್ವಾದವನ್ನು ಬೇಡಿದರು. ಸಂಜೆಯ ಜಪಸರ ಮುಗಿದ ಮೇಲೆ ಹಿರಿಯರ ಮುಂದೆ ತಲೆಬಾಗುವ ನಮ್ಮ ಮನೆಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆ ವಾಡಿಕೆ ಎಷ್ಟು ಮನೆಗಳಲ್ಲಿ ಉಳಿದಿದೆಯೋ, ಅದು ಬೇರೆ ಮಾತು.

ಮರುವರ್ಷ ಸೆಪ್ಟೆಂಬರ್ 30ರಂದು ಅವರು ತಮ್ಮ 3000ನೆಯ ಹಿಟ್ ಹೊಡೆದರು. ಡಿಸೆಂಬರ್ 23ರಂದು ನಿಕರಾಗುವಾ ದೇಶದ ರಾಜಧಾನಿ ಮನಾಗುವಾ ಭೂಕಂಪದಿಂದ ನೆಲಸಮವಾಯಿತು. ಕೆಲವೇ ವಾರಗಳ ಹಿಂದೆ ತಮ್ಮ ನಾಡಿನ ತಂಡದೊಂದಿಗೆ ಹೋಗಿ ತಂಗಿದ್ದ ಊರು ಅದು. ಕ್ರಿಸ್ತ ಜಯಂತಿಯ ಆ ದಿನಗಳಲ್ಲಿ ಕ್ಲೆಮೆಂಟೆ ಮನೆಯಲ್ಲಿ ಕೂರದೆ ಆಹಾರ, ಔಷಧಿ ಸಂಗ್ರಹಿಸಿ ಮೂರು ವಿಮಾನಗಳಲ್ಲಿ ಕಳುಹಿಸಿದರು. ಅಲ್ಲಿನ ಅಧಿಕಾರಸ್ಥರು ಅವುಗಳನ್ನು ನಡುವೆಯೇ ಕಬಳಿಸುತ್ತಿದ್ದಾರೆಂಬ ಸುದ್ದಿ ಬಂತು.

ಇಂಥ ಸುದ್ದಿ ಕೇಳಿದರೆ ನಾವೇನು ಮಾಡುತ್ತೇವೆ? 'ಇನ್ನು ಮುಂದೆ ಕೊಡುವುದೇ ಬೇಡ' ಎನ್ನುತ್ತೇವೆ. ಕಳ್ಳರ ಹೆಸರು ಹೇಳಿ ಹಸಿದವರ ತುತ್ತನ್ನು ನಿಲ್ಲಿಸುತ್ತೇವೆ. ಸಂತ ಲೂಕರ ಶುಭಸಂದೇಶದ ಸಮಾರಿಯದವನು ಗಾಯಾಳುವಿನ ಕಡೆಗೆ ದುಡ್ಡು ಎಸೆದು ಮುಂದೆ ಹೋಗಲಿಲ್ಲ. ತನ್ನ ವಾಹನಪಶುವಿನ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರೆತಂದ, ರಾತ್ರಿ ಆರೈಕೆ ಮಾಡಿದ, ಮತ್ತೆ ಬಂದು ಲೆಕ್ಕ ತೀರಿಸುವುದಾಗಿ ಹೇಳಿದ. ಕ್ಲೆಮೆಂಟೆಯೂ ನಾಲ್ಕನೆಯ ವಿಮಾನದೊಂದಿಗೆ ತಾವೇ ಹೋಗಲು ನಿಶ್ಚಯಿಸಿದರು. ತಾನು ಎದುರಿಗಿದ್ದರೆ ಯಾರೂ ಕದಿಯಲಾರರು ಎಂಬುದು ಅವರ ನಂಬಿಕೆ.

ವಿಮಾನ ಹಳೆಯದು, ಮಿತಿಮೀರಿ ಸಾಮಾನು ತುಂಬಿತ್ತು. ಡಿಸೆಂಬರ್ 31ರ ರಾತ್ರಿ ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಸಮುದ್ರಕ್ಕೆ ಬಿತ್ತು. ಐವರಲ್ಲಿ ಒಬ್ಬರೂ ಉಳಿಯಲಿಲ್ಲ. ಕ್ಲೆಮೆಂಟೆಗೆ 38 ವರ್ಷ. ಮನೆಯಲ್ಲಿ ಪತ್ನಿ ವೆರಾ, ಮೂವರು ಪುಟ್ಟ ಗಂಡುಮಕ್ಕಳು. ಹೆಂಡತಿ ಮಕ್ಕಳಿರುವವರು ಇಂಥ ವಿಮಾನ ಹತ್ತಬಹುದಿತ್ತೇ ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಆ ಮನೆಯ ಕಣ್ಣೀರನ್ನು ಹಗುರವಾಗಿ ಕಾಣುವ ಧೈರ್ಯ ನನಗಿಲ್ಲ. ಆದರೆ ಮೊದಲ ಮೂರು ವಿಮಾನಗಳ ಸಾಮಗ್ರಿ ಬಡವರ ಕೈ ಸೇರಿದ್ದರೆ ನಾಲ್ಕನೆಯದನ್ನು ಅವರು ಹತ್ತುತ್ತಲೇ ಇರಲಿಲ್ಲವೆಂಬುದನ್ನೂ ಮರೆಯಬಾರದು.

1964ರಲ್ಲಿ ಅವರ ವಿವಾಹ ನಡೆದ ಕರೋಲಿನಾದ ದೇವಾಲಯದಲ್ಲೇ ಅವರ ಆತ್ಮಶಾಂತಿಗಾಗಿ ಬಲಿಪೂಜೆ ನಡೆಯಿತು. ದೇಹ ಸಿಕ್ಕಿರಲಿಲ್ಲ, ಮುಂದೆಯೂ ಸಿಗಲಿಲ್ಲ. ತಂಡದ ಗೆಳೆಯರೆಲ್ಲ ಪಿಟ್ಸ್‌ಬರ್ಗಿನಿಂದ ಬಂದಿದ್ದರು. ಮ್ಯಾನಿ ಸಾಂಗ್ವಿಲ್ಯೆನ್ ಎಂಬ ಆಪ್ತಮಿತ್ರ ಮಾತ್ರ ದೇವಾಲಯದಲ್ಲಿ ಕಾಣಲಿಲ್ಲ. ಅವರು ಕಡಲಿಗೆ ಹೋಗಿದ್ದರು, ಮುಳುಗುಗಾರರ ಜೊತೆ ನೀರಿಗಿಳಿದು ಗೆಳೆಯನನ್ನು ಹುಡುಕುತ್ತಿದ್ದರು.