ನಗೆಯ ಭಾರ ಯಾರ ಮೇಲೆ?

ಹಾಸ್ಯವು ಗುಣವೋ ದೋಷವೋ ಎಂಬುದು ಶ್ರಾವಕನು ಹಗುರವಾಗಿ ತಳ್ಳಿಹಾಕಬಹುದಾದ ಪ್ರಶ್ನೆಯಲ್ಲ. ಉಮಾಸ್ವಾಮಿ ವಿರಚಿತ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯವ್ರತದ ರಕ್ಷಣೆಗಾಗಿ ಬಿಡಬೇಕಾದವುಗಳಲ್ಲಿ ಕ್ರೋಧ, ಲೋಭ, ಭಯಗಳ ಜೊತೆಗೆ ಹಾಸ್ಯವನ್ನೂ ಹೇಳಿದೆ. ಒಂಬತ್ತು ನೋಕಷಾಯಗಳ ಎಣಿಕೆಯೂ ಹಾಸ್ಯದಿಂದಲೇ ಆರಂಭವಾಗುತ್ತದೆ. ಹೀಗಿರುವಾಗ ಮನೆಮಂದಿಯೆಲ್ಲ ರೇಡಿಯೋ ಮುಂದೆ ಕುಳಿತು ನಕ್ಕರೆ ಅದು ವ್ರತಕ್ಕೆ ಕುಂದೇ?

ರೇಡಿಯೋ ಎಂದೊಡನೆ ಮೈಸೂರಿನ ನೆನಪಾಗುವುದು ಸಹಜ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿಯೇ ಖಾಸಗಿ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. ಆ ಕೇಂದ್ರದ ಒಡನಾಡಿಗಳಾಗಿದ್ದ ನಾ. ಕಸ್ತೂರಿಯವರೇ ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದರೆಂದು ಪ್ರತೀತಿ. ಇಂದು ಇಡೀ ದೇಶದ ಬಾನುಲಿ ಸಂಸ್ಥೆಗೆ ಇರುವ ಹೆಸರು ಅದೇ. ಆ ಹೆಸರಿನೊಡನೆ ನೆನೆಯಲಾಗುವ ಕಸ್ತೂರಿಯವರು ಕನ್ನಡದ ಹೆಸರಾಂತ ಹಾಸ್ಯಲೇಖಕರು. ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ಯ ಬಳಗದವರು. ಅವರ ‘ಅನರ್ಥಕೋಶ’ದಲ್ಲಿ ಪದಗಳಿಗೆ ವಿನೋದದ ಅರ್ಥಗಳಿವೆ. ಆ ಅರ್ಥಗಳು ನಿಜವಲ್ಲ. ಆದರೆ ಅವುಗಳನ್ನು ನಂಬಿ ಮೋಸಹೋಗುವವರೂ ಇಲ್ಲ. ವಂಚಿಸುವ ಭಾವವಿಲ್ಲದ, ಕೇಳುವವನಿಗೂ ವಿನೋದವೆಂದು ತಿಳಿದಿರುವ ಮಾತನ್ನು ಅಸತ್ಯಗಳ ಸಾಲಿಗೆ ಸೇರಿಸುವುದು ಕಷ್ಟ. ಆದುದರಿಂದ ಹಾಸ್ಯವನ್ನು ಅಳೆಯುವಾಗ ಸತ್ಯಾಸತ್ಯಕ್ಕಿಂತ ಹಿಂಸೆ ಅಹಿಂಸೆಗಳ ಪ್ರಶ್ನೆಯೇ ಹೆಚ್ಚು ಗಂಭೀರವಾದುದು.

ಬಾನುಲಿಯಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಎದುರಿಗೆ ಕುಳಿತವನನ್ನು ಗೇಲಿ ಮಾಡಿದಾಗ ಅವನ ಮುಖ ಬಾಡುವುದು ಕಾಣುತ್ತದೆ. ಕಂಡೊಡನೆ ನಾಲಗೆಯನ್ನು ತಡೆಯಲೂಬಹುದು. ಬಾನುಲಿಯಲ್ಲಿ ಮಾತನಾಡುವವನಿಗೆ ಆ ಮುಖ ಕಾಣುವುದಿಲ್ಲ. ತೊದಲುವವನ ಅನುಕರಣೆಯನ್ನು ಕೇಳಿ ನಗುವ ಮನೆಯಲ್ಲಿ ತೊದಲುವ ಮಗುವೊಂದು ಮೂಲೆಯಲ್ಲಿ ಕುಳಿತಿರಬಹುದು. ಬ್ರಿಟನ್ನಿನ ಬಿಬಿಸಿ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ಹಾಸ್ಯಲೇಖಕರಿಗಾಗಿ ಲಿಖಿತ ನಿಯಮಾವಳಿಯನ್ನು ರೂಪಿಸಿ, ಅಂಗವೈಕಲ್ಯವನ್ನು ಕುರಿತ ನಗೆಮಾತಿಗೂ ಕಡಿವಾಣ ಹಾಕಿದ್ದು ಗಮನಾರ್ಹ.

ನೋಯಿಸುವ ಮಾತನ್ನು ತೆಗೆದರೆ ಹಾಸ್ಯವೇ ಸಪ್ಪೆಯಾಗುವುದೆಂದು ಆಕ್ಷೇಪಿಸುವವರುಂಟು. ಅದಕ್ಕೆ ಅದೇ ಬಿಬಿಸಿಯ ಒಂದು ಕಂತಿನಲ್ಲಿ ಉತ್ತರವಿದೆ. ರೇ ಗಾಲ್ಟನ್ ಮತ್ತು ಆಲನ್ ಸಿಂಪ್ಸನ್ ಬರೆದ ‘ಹ್ಯಾನ್‌ಕಾಕ್ಸ್ ಹಾಫ್ ಅವರ್’ ಸರಣಿಯಲ್ಲಿ 1958ರ ಏಪ್ರಿಲ್‌ನಲ್ಲಿ ‘ಸಂಡೇ ಆಫ್ಟರ್‌ನೂನ್ ಅಟ್ ಹೋಮ್’ ಪ್ರಸಾರವಾಯಿತು. ಮಳೆ ಸುರಿಯುವ ಭಾನುವಾರದ ಮಧ್ಯಾಹ್ನ. ಮನೆಯಲ್ಲಿರುವವರಿಗೆ ಮಾಡಲು ಕೆಲಸವಿಲ್ಲ, ಹೊತ್ತು ಹೋಗುವುದಿಲ್ಲ. ಟೋನಿ ಹ್ಯಾನ್‌ಕಾಕ್ ನಿಟ್ಟುಸಿರು ಬಿಡುತ್ತಾನೆ, ಗೊಣಗುತ್ತಾನೆ, ಗೋಡೆಯ ಕಾಗದದ ಚಿತ್ತಾರದಲ್ಲಿ ಮುಖಗಳನ್ನು ಹುಡುಕುತ್ತಾನೆ. ಕಥೆಯೆಂಬುದೇ ಇಲ್ಲ. ಆದರೂ ಕೇಳುಗ ನಗುತ್ತಾನೆ. ಏಕೆಂದರೆ ಅಲ್ಲಿ ಕೇಳಿಬರುವುದು ತನ್ನದೇ ಬೇಸರ, ತನ್ನದೇ ಸಿಡುಕು. ಆ ನಗೆಯ ಭಾರ ಬಹುಮಟ್ಟಿಗೆ ನಗುವವನ ಮೇಲೆಯೇ ಬೀಳುತ್ತದೆ. ಪರರನ್ನು ಕುರಿತ ನಗೆ ಮಾನಕಷಾಯವನ್ನು ಬೆಳೆಸಿದರೆ, ತನ್ನನ್ನು ಕುರಿತ ನಗೆ ಅದನ್ನು ಕ್ಷಣಕಾಲವಾದರೂ ಸಡಿಲಿಸುತ್ತದೆ.

ಮಹಾವ್ರತಿಗಳ ನಿಯಮವನ್ನು ಅಣುವ್ರತಿಯಾದ ಗೃಹಸ್ಥನ ಮೇಲೆ ಹಾಗೆಯೇ ಹೇರುವುದು ಯುಕ್ತವಲ್ಲ. ಆದರೆ ಅವನಿಗೂ ಎಲ್ಲೆಯುಂಟು. ಅನರ್ಥದಂಡವ್ರತದ ಅತಿಚಾರಗಳಲ್ಲಿ ಕಂದರ್ಪ, ಕೌತ್ಕುಚ್ಯ, ಮೌಖರ್ಯ, ಅಂದರೆ ಅಶ್ಲೀಲ ಪರಿಹಾಸ, ಅದರೊಡನೆ ಕೂಡಿದ ಅಂಗಚೇಷ್ಟೆ, ಅಂಕೆಯಿಲ್ಲದ ವಾಚಾಳಿತನ, ಸೇರಿವೆ. ಅವಿಲ್ಲದೆಯೂ ನಗಿಸಬಹುದೆಂಬುದಕ್ಕೆ ಆ ಅರ್ಧ ಗಂಟೆಯ ಕಂತೇ ಸಾಕ್ಷಿ.

ಇಲ್ಲಿ ಕೇಳುಗನ ಹೊಣೆಯೂ ಕಡಿಮೆಯಲ್ಲ. ಕೃತ, ಕಾರಿತ, ಅನುಮೋದಿತ ಎಂದು ಕರ್ಮಕ್ಕೆ ಮೂರು ದ್ವಾರಗಳು. ಗೇಲಿಯ ಮಾತನ್ನು ಬರೆದವನದು ಕೃತ, ಆಡಿಸಿದವನದು ಕಾರಿತ, ಕೇಳಿ ನಕ್ಕವನದು ಅನುಮೋದಿತ. ತಾನು ಆಡಲಿಲ್ಲ, ಬರಿದೆ ನಕ್ಕೆ ಎಂದು ಹೇಳಿ ನುಣುಚಿಕೊಳ್ಳುವಂತಿಲ್ಲ.

ಮಹಾವೀರ ಜಯಂತಿಯಂತಹ ಸಂದರ್ಭಗಳಲ್ಲಿ ಬಸದಿಯ ಆವರಣದಲ್ಲಿ ಮಕ್ಕಳಿಂದ ಕಿರುಪ್ರಹಸನಗಳನ್ನು ಆಡಿಸುವ ಧರ್ಮದರ್ಶಿಗಳು ಇದನ್ನು ಗಮನಿಸುವುದು ಒಳಿತು. ಕಪ್ಪು ಬಣ್ಣ, ಕುಂಟು ನಡೆ, ಬಡವನ ಹರಕು ಅಂಗಿ, ಬೇರೆ ಊರಿನವರ ಮಾತಿನ ಧಾಟಿ ಇವುಗಳಿಂದ ಚಪ್ಪಾಳೆ ಸುಲಭವಾಗಿ ದೊರೆಯುತ್ತದೆ. ಆದರೆ ಸಭೆಯಲ್ಲಿ ಅದೇ ಅಂಗಿ ತೊಟ್ಟವನೊಬ್ಬನು ಕುಳಿತಿದ್ದರೆ ಅವನು ಮುಂದಿನ ವರ್ಷ ಬಸದಿಗೆ ಬರಲು ಹಿಂಜರಿದಾನು. ನಗೆಗೆ ಗುರಿಯಾದವನೂ ಮನಸಾರೆ ನಗಬಲ್ಲನೇ ಎಂದು ಮೊದಲೇ ಕೇಳಿಕೊಂಡು ಆಡಿಸಿದರೆ ಪ್ರಹಸನದ ಸ್ವಾರಸ್ಯಕ್ಕೂ ಧಕ್ಕೆಯಿಲ್ಲ, ಅಹಿಂಸೆಗೂ ಧಕ್ಕೆಯಿಲ್ಲ.